ಸಾಲದ ಕಾಲಿನ ನಾಯಕಿ

ಎಪ್ಪತ್ತರ ದಶಕದ ಒಂದು ಅಮೆರಿಕನ್ ಟೀವಿ ಧಾರಾವಾಹಿ. ಅದರ ನಾಯಕಿ ಹಗಲು ಹೊತ್ತು ಶಾಲೆಯಲ್ಲಿ ಪಾಠ ಹೇಳುವ ಟೀಚರು. ಮಿಕ್ಕ ಹೊತ್ತಿನಲ್ಲಿ ಕಾರಿನ ಜೊತೆ ಜಿದ್ದಿಗೆ ಬಿದ್ದವಳ ಹಾಗೆ ಓಡುವ, ಕಬ್ಬಿಣದ ಬಾಗಿಲನ್ನು ಹಪ್ಪಳ ಮುರಿದಂತೆ ಮುರಿಯುವ ಸರ್ಕಾರಿ ಗೂಢಚಾರಿಣಿ. ಇಂಥದ್ದನ್ನು ಕುರಿತು, ಜೀವಮಾನವೆಲ್ಲ ಲೆಡ್ಜರು, ವೋಚರು, ಓವರ್‌ಡ್ಯೂ ಪಟ್ಟಿ ನೋಡಿಕೊಂಡೇ ನಿವೃತ್ತನಾದ ನನ್ನಂಥವನು ಬರೆಯಲು ಕೂತರೆ ಊರ ಕಡೆಯವರು ನಕ್ಕಾರು. ನಗಲಿ. ‘ದಿ ಬಯೋನಿಕ್ ವುಮನ್’ ಎಂಬ ಆ ಧಾರಾವಾಹಿಯ 58 ಕಂತುಗಳನ್ನೂ ಕಳೆದ ನವೆಂಬರ್ ಮಳೆಯಲ್ಲಿ ರಾಯಪುರಂನ ನಮ್ಮ ಮನೆಯಲ್ಲಿ ಕೂತು ಒಂದನ್ನೂ ಬಿಡದೆ ನೋಡಿದೆ. ಅದರ ಕೆಲವು ಕಂತುಗಳನ್ನು ಮೊದಲ ಸಲ ನೋಡಿದ್ದು 40 ವರ್ಷದ ಹಿಂದೆ, ಇದೇ ರಾಯಪುರಂನಲ್ಲಿ. ಹಳೆಯದನ್ನು ಮತ್ತೆ ನೋಡಿದರೆ ‘ಅಯ್ಯೋ, ಇದನ್ನಾ ನಾವು ಬಾಯಿಬಿಟ್ಟುಕೊಂಡು ನೋಡಿದ್ದು’ ಅನ್ನಿಸುವುದು ಸಾಮಾನ್ಯ. ಇಲ್ಲಿ ಅದೂ ಅನ್ನಿಸಿತು. ಅದರ ಜೊತೆಗೆ ಬೇರೇನೋ ಕೂಡ ಕಂಡಿತು. ಅದನ್ನು ಹೇಳುವುದಕ್ಕೇ ಈ ಬರಹ.

ಮೊದಲು ಕಥೆಯ ಹಿನ್ನೆಲೆ. ಮಾರ್ಟಿನ್ ಕೈಡಿನ್ ಎಂಬಾತ 1972ರಲ್ಲಿ ‘ಸೈಬೋರ್ಗ್’ ಅಂತ ಒಂದು ಕಾದಂಬರಿ ಬರೆದ. ಅದರಿಂದ ‘ಸಿಕ್ಸ್ ಮಿಲಿಯನ್ ಡಾಲರ್ ಮ್ಯಾನ್’ ಧಾರಾವಾಹಿ ಹುಟ್ಟಿತು. ಅಪಘಾತದಲ್ಲಿ ಜಜ್ಜಿಹೋದ ಸ್ಟೀವ್ ಆಸ್ಟಿನ್ ಎಂಬ ವಿಮಾನ ಚಾಲಕನಿಗೆ ಸರ್ಕಾರ 60 ಲಕ್ಷ ಡಾಲರ್ ಖರ್ಚು ಮಾಡಿ ಎರಡು ಕಾಲು, ಒಂದು ಕೈ, ಒಂದು ಕಣ್ಣು ಜೋಡಿಸುತ್ತದೆ. 1975ರಲ್ಲಿ ಆ ಧಾರಾವಾಹಿಯ ಎರಡು ಕಂತುಗಳಲ್ಲಿ ಅವನ ಹಳೆಯ ಪ್ರೇಯಸಿ ಜೇಮಿ ಸಾಮರ್ಸ್ ಬರುತ್ತಾಳೆ. ಟೆನಿಸ್ ಆಟಗಾರ್ತಿ. ಪ್ಯಾರಾಚೂಟ್ ಕೈಕೊಟ್ಟು ಆಕಾಶದಿಂದ ಬೀಳುತ್ತಾಳೆ. ಅವಳಿಗೂ ಎರಡು ಕಾಲು, ಬಲಗೈ, ಬಲಗಿವಿ ಜೋಡಿಸುತ್ತಾರೆ. ಆದರೆ ಮೈ ಆ ಅಂಗಗಳನ್ನು ಒಪ್ಪುವುದಿಲ್ಲ, ಅವಳು ಸತ್ತುಹೋಗುತ್ತಾಳೆ. ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಪ್ರೇಕ್ಷಕರು ಬಿಡಲಿಲ್ಲ, ಆ ಹುಡುಗಿಯನ್ನು ಯಾಕೆ ಸಾಯಿಸಿದಿರಿ ಅಂತ ಜಗಳಕ್ಕೇ ನಿಂತರು. ಪಾತ್ರವನ್ನು ಸೃಷ್ಟಿಸಿದ ಕೆನೆತ್ ಜಾನ್ಸನ್ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವಳನ್ನು ಬದುಕಿಸಿದ: ಸತ್ತಿರಲಿಲ್ಲವಂತೆ, ಡಾಕ್ಟರೊಬ್ಬರು ಮೈಯನ್ನು ಶೀತದಲ್ಲಿಟ್ಟು ಉಳಿಸಿಕೊಂಡಿದ್ದರಂತೆ. ಹರಿಕಥೆ ಕೇಳಿ ಬೆಳೆದ ನಮಗೆ ಇದೇನೂ ನಂಬಲಾರದ ಸಂಗತಿಯಲ್ಲ ಬಿಡಿ. 1976ರ ಜನವರಿಯಲ್ಲಿ ಅವಳದೇ ಪ್ರತ್ಯೇಕ ಧಾರಾವಾಹಿ ಎಬಿಸಿ ವಾಹಿನಿಯಲ್ಲಿ ಶುರುವಾಯಿತು. ಎರಡು ಸರಣಿ ಆದ ಮೇಲೆ ಎಬಿಸಿ ಕೈಬಿಟ್ಟಿತು, ಎನ್‌ಬಿಸಿ ಎತ್ತಿಕೊಂಡಿತು. 1978ರ ಮೇ ತಿಂಗಳಲ್ಲಿ ಮುಗಿಯಿತು. ಕೊನೆಯ ವರ್ಷದಲ್ಲಿ ಒಂದು ತಮಾಷೆ. ಸ್ಟೀವ್‌ನ ಧಾರಾವಾಹಿ ಎಬಿಸಿಯಲ್ಲೇ ಉಳಿದಿತ್ತು. ಎರಡರಲ್ಲೂ ಇದ್ದ ಮೇಲಧಿಕಾರಿ ಆಸ್ಕರ್ ಮತ್ತು ಡಾಕ್ಟರ್ ರೂಡಿಯ ಪಾತ್ರಗಳನ್ನು ರಿಚರ್ಡ್ ಆಂಡರ್‌ಸನ್, ಮಾರ್ಟಿನ್ ಬ್ರೂಕ್ಸ್ ಎಂಬ ಅದೇ ನಟರು ಏಕಕಾಲಕ್ಕೆ ಎರಡು ವಾಹಿನಿಗಳಲ್ಲಿ ಮಾಡಿದರು. ಒಬ್ಬನೇ ಆಫೀಸರು ಎರಡು ಬ್ಯಾಂಕಿನ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದ ಹಾಗೆ!

ಇದು ರಾಯಪುರಂಗೆ ಹೇಗೆ ಬಂತು ಅಂತ ಕೇಳುತ್ತೀರಿ. ಮದ್ರಾಸಿನಲ್ಲಿ ದೂರದರ್ಶನ ಶುರುವಾದದ್ದು 1975ರ ಆಗಸ್ಟ್ 15ರಂದು. ನಾನು ಹೊಸನಗರದ ಕಡೆಯಿಂದ ಬ್ಯಾಂಕಿನ ಆರ್ಡರ್ ಹಿಡಿದುಕೊಂಡು ಇಲ್ಲಿ ಬಂದಿಳಿದ 1985ರ ಹೊತ್ತಿಗೆ ಶುಕ್ರವಾರದ ಹಾಡುಗಳು, ಭಾನುವಾರದ ಸಿನಿಮಾ ಎಲ್ಲ ಇದ್ದವು. ಇಂಗ್ಲಿಷಿನಲ್ಲಿ ‘ಸ್ಟಾರ್ ಟ್ರೆಕ್’ ಕೂಡ ಬಂದಿತ್ತು. ಆದರೆ ಜೇಮಿ ನಮಗೆ ಸಿಕ್ಕಿದ್ದು ಬರ್ಮಾ ಬಜಾರಿನಲ್ಲಿ. ಬರ್ಮಾದಿಂದ ಎಲ್ಲ ಬಿಟ್ಟು ಬಂದ ತಮಿಳರಿಗಾಗಿ 1969ರಲ್ಲಿ ಬೀಚ್ ಸ್ಟೇಷನ್ನಿನ ಎದುರಿನ ಫುಟ್‌ಪಾತಿನಲ್ಲಿ ಕೊಟ್ಟ ಸಾಲು ಅಂಗಡಿಗಳು ಅವು. ಎಂಬತ್ತರ ದಶಕದಲ್ಲಿ ಅಲ್ಲಿ ಸಿಗದ ಫಾರಿನ್ ಸಾಮಾನಿಲ್ಲ. ರಾಯಪುರಂನಿಂದ ಬಸ್ಸಿನಲ್ಲಿ ಹತ್ತು ನಿಮಿಷ. ಕೊಲ್ಲಿ ದೇಶದ ಟೀವಿಯಿಂದ ಯಾರೋ ತುಂಬಿಸಿಕೊಂಡ ವೀಡಿಯೋ ಕ್ಯಾಸೆಟ್ಟುಗಳು, ಕೆಳಗಡೆ ಅರಬ್ಬೀ ಅಕ್ಷರ ಓಡುತ್ತಿದ್ದವು. ಒಂದು ರಾತ್ರಿಗೆ ವಿಸಿಆರ್ ಬಾಡಿಗೆಗೆ ತಂದರೆ ವಠಾರದ ಮಕ್ಕಳೆಲ್ಲ ನಮ್ಮ ಕೋಣೆಯಲ್ಲಿ. ಇಂಗ್ಲಿಷು ಅರ್ಥವಾಗದವರಿಗೆ ತಮಿಳಿನಲ್ಲಿ ಹೇಳಬೇಕು; ನನಗೋ ಆಗ ತಮಿಳು ಅರೆಬರೆ. ಅಂತೂ ನಾನು ತಮಿಳು ಕಲಿತದ್ದರಲ್ಲಿ ಜೇಮಿ ಸಾಮರ್ಸಳ ಪಾಲೂ ಇದೆ. ಇಡೀ ಧಾರಾವಾಹಿ ಅಮೆರಿಕದಲ್ಲಿ ಡಿವಿಡಿಯಾಗಿ ಬರತೊಡಗಿದ್ದು 2010ರಲ್ಲಿ. ಅಲ್ಲಿಂದ ಬಂದ ನಂಟರೊಬ್ಬರು ಅದರ ಪೆಟ್ಟಿಗೆಯನ್ನು ತಂದುಕೊಟ್ಟರು.

ಈಗ ನೋಡಿದಾಗ ಕಂಡ ಕೊರತೆಗಳನ್ನು ಮೊದಲು ಹೇಳಿಬಿಡುತ್ತೇನೆ. ಖರ್ಚು ಉಳಿಸಿದ್ದು ಎದ್ದು ಕಾಣುತ್ತದೆ. ಯಾವ ದೇಶದ ಕಥೆಯಾದರೂ ಅದೇ ಕ್ಯಾಲಿಫೋರ್ನಿಯಾದ ಒಣ ಗುಡ್ಡ, ಅದೇ ರಸ್ತೆ. ವಿದೇಶದ ದುಷ್ಟರೆಲ್ಲ ಒಂದೇ ಬಗೆಯ ಮೊಂಡು ಇಂಗ್ಲಿಷ್ ಮಾತಾಡುತ್ತಾರೆ. ಅರ್ಧಕ್ಕರ್ಧ ಕಂತುಗಳು ವಾರದ ಗಡುವಿಗೆ ಬರೆದು ಮುಗಿಸಿದ ಹಾಗಿವೆ. ಮೂರನೆಯ ಸರಣಿಯಲ್ಲಿ ಮ್ಯಾಕ್ಸ್ ಎಂಬ ಬಯೋನಿಕ್ ನಾಯಿ ಬರುತ್ತದೆ. ಅದು ಮೊದಲು ಬರುವ ಕಂತುಗಳಲ್ಲಿ, ಬೆಂಕಿ ಕಂಡರೆ ಅದು ನಡುಗುವ ಭಾಗ ಚೆನ್ನಾಗಿದೆ, ಆಮೇಲೆ ಅದು ಮಕ್ಕಳನ್ನು ಒಲಿಸುವ ಸರಕಾಗಿಬಿಡುತ್ತದೆ. ಇವುಗಳನ್ನೆಲ್ಲ ದಾಟಿ ನೋಡುವ ತಾಳ್ಮೆ ಇಲ್ಲದವರಿಗೆ ನಾನು ಇದನ್ನು ಶಿಫಾರಸು ಮಾಡಲಾರೆ.

ಆದರೆ ಎಲ್ಲರೂ ನಗುವ ಒಂದು ಸಂಗತಿಯ ಪರವಾಗಿ ನಾನು ಮಾತಾಡಬೇಕು. ಅವಳು ಓಡುವಾಗ ಚಿತ್ರ ನಿಧಾನವಾಗುತ್ತದೆ, ಹಿಂದೆ ಟಿಟಿಟಿಟಿ ಅಂತ ಒಂದು ಲೋಹದ ಸದ್ದು. ‘ವೇಗವಾಗಿ ಓಡುತ್ತಾಳೆ ಅಂತ ತೋರಿಸೋಕೆ ನಿಧಾನ ಯಾಕೆ’ ಅಂತ ಈಗಿನ ಹುಡುಗರು ಕೇಳುತ್ತಾರೆ. ಬಯಲಾಟ ನೋಡಿದವರು ಈ ಪ್ರಶ್ನೆ ಕೇಳುವುದಿಲ್ಲ. ರಂಗಸ್ಥಳದಲ್ಲಿ ವೇಷಧಾರಿ ಎರಡು ಸುತ್ತು ಹಾಕಿದರೆ ಹಸ್ತಿನಾವತಿಯಿಂದ ದ್ವಾರಕೆಗೆ ಬಂದ ಹಾಗೆ. ಚೆಂಡೆ ಬಡಿದರೆ ಯುದ್ಧ. ವೇಗ ನಿಜವಾಗಿ ತೋರಿದರೆ ನೋಡುವವನಿಗೆ ಏನೂ ಕಾಣುವುದಿಲ್ಲ, ಮುಖವಂತೂ ಕಾಣುವುದೇ ಇಲ್ಲ. ಇಲ್ಲಿ ನಿಧಾನ ಮಾಡಿದ್ದರಿಂದ ಓಡುವವಳ ಮುಖ ಕಾಣುತ್ತದೆ. ಲಿಂಡ್ಸೆ ವ್ಯಾಗ್ನರ್ ಆ ಮುಖದಲ್ಲಿ ಗೆಲುವಿನ ಗತ್ತು ತೋರಿಸುವುದೇ ಅಪರೂಪ. ಹೆಚ್ಚಾಗಿ ಒಂದು ಚಿಂತೆ ಇರುತ್ತದೆ: ಹೊತ್ತಿಗೆ ಮುಟ್ಟುತ್ತೇನೋ ಇಲ್ಲವೋ ಅನ್ನುವ ಚಿಂತೆ, ಮಗು ಶಾಲೆಯಿಂದ ಬರುವುದು ತಡವಾದಾಗ ತಾಯಿಯ ಮುಖದಲ್ಲಿ ಇರುವಂಥದ್ದು. ಅದೇ ಕಾಲದಲ್ಲಿ ಬಂದ ‘ವಂಡರ್ ವುಮನ್’ನಲ್ಲಿ ಲಿಂಡಾ ಕಾರ್ಟರ್ ಸುತ್ತು ತಿರುಗಿದರೆ ವೇಷ ಬದಲಾಗುತ್ತದೆ, ಕಿರೀಟ ಬರುತ್ತದೆ, ಅವಳು ದೇವತೆಗಳ ಕಡೆಯವಳು. ಜೇಮಿಗೆ ವೇಷವಿಲ್ಲ. ಶಾಲೆಗೆ ಹೋದ ಬಟ್ಟೆಯಲ್ಲೇ ಓಡುತ್ತಾಳೆ. ವ್ಯಾಗ್ನರ್‌ಗೆ 1977ರಲ್ಲಿ ಅತ್ಯುತ್ತಮ ನಾಯಕ ನಟಿಯ ಎಮ್ಮಿ ಪ್ರಶಸ್ತಿ ಬಂತು. ‘ಡೆಡ್ಲಿ ರಿಂಗರ್’ ಎಂಬ ಕಥೆಯ ದ್ವಿಪಾತ್ರಕ್ಕಾಗಿ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಜೇಮಿಯ ಹಾಗೇ ಆದ ಲೀಸಾ ಎಂಬ ಹೆಂಗಸು ಹೊರಗೆ, ಜೇಮಿ ಜೈಲಿನ ಒಳಗೆ. ‘ನಾನು ನಾನೇ’ ಅಂತ ಹೇಳಿದರೆ ನಂಬುವವರಿಲ್ಲ. ಇಡೀ ಧಾರಾವಾಹಿಯಲ್ಲಿ ತೋಳ್ಬಲಕ್ಕೆ ಬೆಲೆಯೇ ಇಲ್ಲದ ಕಂತು ಅದು, ಅದಕ್ಕೇ ಅತ್ಯುತ್ತಮ.

ಇನ್ನು ಕಿವಿಯ ಮಾತು. ಗಂಡಸಿಗೆ ಕಣ್ಣು ಕೊಟ್ಟರು, ಹೆಂಗಸಿಗೆ ಕಿವಿ ಕೊಟ್ಟರು. ಬರೆದವರು ಇದನ್ನು ಎಷ್ಟು ಯೋಚಿಸಿ ಮಾಡಿದರೋ, ಆದರೆ ನೋಡುವವನು ಗಂಡು, ಕೇಳಿಸಿಕೊಳ್ಳುವವಳು ಹೆಣ್ಣು ಎಂಬ ಹಳೆಯ ಹಂಚಿಕೆ ಇಲ್ಲೂ ಬಂದು ಕೂತಿದೆ. ಇದನ್ನು ದೋಷ ಅಂತ ಗುರುತು ಹಾಕಿ ಮುಂದೆ ಹೋಗಬಹುದಿತ್ತು. ಹೋಗಲು ಮನಸ್ಸಾಗಲಿಲ್ಲ. ಕಾರಣ, ಆ ಕಿವಿಯಿಂದಲೇ ಧಾರಾವಾಹಿಗೆ ಒಂದು ಬೇರೆ ಹದ ಸಿಕ್ಕಿದೆ. ಸ್ಟೀವ್ ಕಣ್ಣು ಕಿರಿದು ಮಾಡಿ ಗುರಿ ಹಿಡಿಯುತ್ತಾನೆ, ಮುಗಿಯಿತು. ಜೇಮಿ ಕೂದಲನ್ನು ಹಿಂದಕ್ಕೆ ಸರಿಸಿ, ತಲೆ ತುಸು ಓರೆ ಮಾಡಿ, ನಿಂತುಬಿಡುತ್ತಾಳೆ. ಎಲ್ಲೋ ಗೋಡೆಯಾಚೆ ಇಬ್ಬರು ಮಾತಾಡುತ್ತಿದ್ದಾರೆ. ಕೇಳಿಸಿಕೊಳ್ಳಬೇಕಾದರೆ ನಿಲ್ಲಬೇಕು, ಸುಮ್ಮನಿರಬೇಕು. 1976ರ ಕೊನೆಯಲ್ಲಿ ಬಂದ ಮೂರು ಭಾಗದ ‘ಕಿಲ್ ಆಸ್ಕರ್’ನಲ್ಲಿ ಮನುಷ್ಯರ ಮುಖ ಹೊತ್ತ ಯಂತ್ರದ ಹೆಂಗಸರು ಕಚೇರಿಯೊಳಗೆ ಸೇರಿಕೊಳ್ಳುತ್ತಾರೆ. ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗದು. ಅವರ ಒಳಗಿಂದ ಬರುವ ಸಣ್ಣ ಸದ್ದನ್ನು ಹಿಡಿಯುವುದು ಜೇಮಿಯ ಕಿವಿ.

ಪರಊರಿಗೆ ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ. ಹೊಸ ಊರಿನಲ್ಲಿ ಕಣ್ಣು ಎರಡು ದಿನಕ್ಕೆ ಪಳಗುತ್ತದೆ. ಕಲ್‌ಮಂಟಪದ ಮಾರ್ಕೆಟ್ಟು, ಕಾಸಿಮೇಡಿನ ಮೀನುದೋಣಿಗಳು, ಪಾರ್ಸಿಗಳ ಅಗ್ನಿಮಂದಿರ, ದಕ್ಷಿಣ ಭಾರತಕ್ಕೇ ಮೊದಲನೆಯದಾದ 1856ರ ರೈಲು ಸ್ಟೇಷನ್ನು, ಎಲ್ಲ ನೋಡಿದ್ದಾಯಿತು. ಕಿವಿ ಮಾತ್ರ ವರ್ಷಗಟ್ಟಲೆ ದುಡಿಯಬೇಕು. ಕೌಂಟರಿನಲ್ಲಿ ಮೀನುಗಾರರ ಮನೆಯ ಹೆಂಗಸು ಒದ್ದೆ ನೋಟು ಮುಂದೆ ಚಾಚಿ ಗಡಗಡ ಹೇಳಿದ್ದು ಏನು, ಬೈದಳೋ, ಹರಸಿದಳೋ? ವಠಾರದ ತೆಲುಗಿನವರು ಪಿಸುಗುಟ್ಟಿದ್ದು ನಮ್ಮ ಬಗ್ಗೆಯೋ? ಬಸ್ಸಿನ ಗದ್ದಲದಲ್ಲಿ ಹಿಂದಿನ ಸೀಟಿನಿಂದ ‘ಬ್ಯಾಡ ಬಿಡು’ ಅಂತ ಎರಡು ಕನ್ನಡದ ಮಾತು ಬಿದ್ದರೆ ಇಡೀ ಮೈ ಅತ್ತ ತಿರುಗುತ್ತಿತ್ತು. ಟಿ. ನಗರದ ಕರ್ನಾಟಕ ಸಂಘಕ್ಕೆ ಹೋದರೆ ಬೇಕಾದಷ್ಟು ಕನ್ನಡ ಸಿಗುತ್ತಿತ್ತು ನಿಜ, ಆದರೆ ಹುಡುಕಿಕೊಂಡು ಹೋಗಿ ಕೇಳುವುದು ಬೇರೆ, ಬಸ್ಸಿನಲ್ಲಿ ತಾನಾಗಿ ಬಂದು ಕಿವಿಗೆ ಬೀಳುವುದು ಬೇರೆ. ಊರಿನಲ್ಲೇ ಇದ್ದವರಿಗೆ ಈ ಕಿವಿ ಬೇಕಾಗುವುದಿಲ್ಲ.

ಹಾಗೆಯೇ ನೆನಪಿನ ವಿಷಯ. ಬದುಕಿ ಬಂದ ಜೇಮಿಗೆ ಸ್ಟೀವ್‌ನನ್ನು ಪ್ರೀತಿಸಿದ್ದು ನೆನಪಿಲ್ಲ. ನೆನಪು ಮಾಡಿಕೊಳ್ಳಲು ಹೋದರೆ ತಲೆ ಸಿಡಿಯುತ್ತದೆ. ಅವನಿಗೆ ಎಲ್ಲ ನೆನಪಿದೆ, ಹೇಳುವ ಹಾಗಿಲ್ಲ. ನೋಡುತ್ತಾ ನನಗೆ ಶಾಕುಂತಲ ನೆನಪಾಯಿತು, ತಲೆಕೆಳಗಾದ ಶಾಕುಂತಲ. ಅಲ್ಲಿ ಮರೆತವನು ದೊರೆ. ಮರೆತವನಿಗೆ ಶಾಪದ ನೆಪ ಸಿಕ್ಕಿತು, ನೆನಪಿಟ್ಟುಕೊಂಡವಳು ಸಭೆಯಲ್ಲಿ ಅವಮಾನ ಪಟ್ಟಳು. ಇಲ್ಲಿ ಮರೆತವಳು ಹೆಣ್ಣು, ಅವಳಿಗೆ ನೆನಪಿಸಲು ಉಂಗುರವೂ ಇಲ್ಲ. ಮೊದಲ ಕಥೆ ‘ವೆಲ್ಕಮ್ ಹೋಮ್, ಜೇಮಿ’ಯಲ್ಲಿ ಅವಳು ತನ್ನೂರು ಓಹಾಯ್‌ಗೆ ಮರಳಿ, ಸ್ಟೀವ್‌ನ ತಾಯಿತಂದೆಯ ಆಸರೆಯಲ್ಲಿ ಇರುತ್ತಾಳೆ. ಎಲ್ಲರಿಗೂ ಅವಳ ಗುರುತಿದೆ, ಅವಳಿಗೆ ಅರ್ಧ ಮಾತ್ರ. ನಿವೃತ್ತಿಯಾದ ಮೇಲೆ ಊರಿನ ಮದುವೆಮನೆಗಳಲ್ಲಿ ನನಗೂ ಹಾಗೇ. ‘ಗೊತ್ತಾಯ್ತಾ ನಾನ್ಯಾರು ಅಂತ?’ ಅಂತ ಯಾರೋ ಕೈ ಹಿಡಿಯುತ್ತಾರೆ. ಹೂಂ ಅನ್ನುತ್ತೇನೆ. ಜೇಮಿಯ ನಗುವಿನ ಹಿಂದೆ ಇಂಥದೇ ಒಂದು ಹೂಂ ಇದೆ. ಪ್ರೇಮಕಥೆ ಕೂಡಿಬರದೆ ಹಾಗೇ ನಿಂತದ್ದು ಧಾರಾವಾಹಿಯ ಪುಣ್ಯ. 1994ರಲ್ಲಿ ಒಂದು ಟೀವಿ ಚಿತ್ರ ಮಾಡಿ ಇಬ್ಬರಿಗೂ ಮದುವೆ ಮಾಡಿಸಿದರು. ಮಾಡಿಸದಿದ್ದರೆ ನಷ್ಟವೇನೂ ಇರಲಿಲ್ಲ.

ಈಗ ನನ್ನ ಕಸುಬಿನ ಕಣ್ಣಿಗೆ ಕಂಡದ್ದು. ಸ್ಟೀವ್‌ನ ರಿಪೇರಿ ಖರ್ಚು ಧಾರಾವಾಹಿಯ ಹೆಸರಿನಲ್ಲೇ ಇದೆ. ಜೇಮಿಯದು ಎಷ್ಟಾಯಿತೆಂದು ಹೇಳುವುದೇ ಇಲ್ಲ. ಅದು ಗುಟ್ಟಿನ ಲೆಕ್ಕ. ಲೆಕ್ಕ ಗುಟ್ಟಾದರೂ ಸಾಲ ಸಾಲವೇ ತಾನೆ? ಅದು ಮಂಜೂರಾದ ರೀತಿ ನೋಡಿ. ಅವಳು ಪ್ರಜ್ಞೆಯಿಲ್ಲದೆ ಮಲಗಿದ್ದಾಳೆ. ಸ್ಟೀವ್ ಆಸ್ಕರ್‌ನ ಬಳಿ ಅಂಗಲಾಚುತ್ತಾನೆ, ಆಸ್ಕರ್ ಒಪ್ಪುತ್ತಾನೆ. ಅಂದರೆ ಸಾಲಗಾರಳಿಗೆ ಎಚ್ಚರವೇ ಇಲ್ಲ. ಜಾಮೀನುದಾರ ಬೇಡಿದ, ಮ್ಯಾನೇಜರು ಸಹಿ ಹಾಕಿದ. ನಮ್ಮಲ್ಲಾದರೆ ಇಂಥ ಪತ್ರ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಆದರೆ ಅವಳು ಎಚ್ಚರಾಗಿ ಎದ್ದಾಗ ಸಾಲ ಆಗಲೇ ಅವಳ ಮೈಯಲ್ಲಿ ನಡೆದಾಡುತ್ತಿದೆ. ಆಮೇಲೆ ಕಂತು ಕಟ್ಟುವುದು ಹೇಗೆ? ಸರ್ಕಾರ ಕರೆದಾಗ ಹೋಗಬೇಕು. ಆಸ್ಕರ್ ಒಳ್ಳೆಯವನು, ಮಗಳ ಹಾಗೆ ನೋಡಿಕೊಳ್ಳುತ್ತಾನೆ, ಒತ್ತಾಯ ಮಾಡುವುದಿಲ್ಲ. ಪ್ರತಿಸಲವೂ ಕೇಳುತ್ತಾನೆ ಅಷ್ಟೆ. ಒಳ್ಳೆಯ ಸಾಲಗಾರನಿಗೆ ಒಳ್ಳೆಯ ಮ್ಯಾನೇಜರು ಹೇಗೆ ಕೇಳುತ್ತಾನೆ ಅಂತ ನನಗೆ ಗೊತ್ತು. ಇಲ್ಲ ಅನ್ನಲಿಕ್ಕೇ ಆಗದ ಹಾಗೆ ಕೇಳುತ್ತಾನೆ.

ಮೂರು ವರ್ಷ ಈ ಪ್ರಶ್ನೆಯನ್ನು ಬದಿಗಿಟ್ಟಿದ್ದ ಧಾರಾವಾಹಿ ಕಟ್ಟಕಡೆಯ ಕಂತಿನಲ್ಲಿ ಅದನ್ನು ಎದುರಿಗೆ ತಂದು ಕೂರಿಸುತ್ತದೆ. ‘ಆನ್ ದಿ ರನ್’ ಅಂತ ಅದರ ಹೆಸರು. ಜೇಮಿಗೆ ಸಾಕಾಗುತ್ತದೆ. ನಾನು ಮನುಷ್ಯಳೋ ಸಲಕರಣೆಯೋ ಎಂಬ ಅನುಮಾನ ಹತ್ತುತ್ತದೆ. ರಾಜೀನಾಮೆ ಕೊಡುತ್ತಾಳೆ. ಸರ್ಕಾರ ಏನನ್ನುತ್ತದೆ? ನಿನ್ನನ್ನು ಹಾಗೇ ಬಿಡಲು ಬರುವುದಿಲ್ಲ, ಶತ್ರುಗಳ ಕೈಗೆ ಸಿಕ್ಕರೆ ಗತಿಯೇನು, ಆದ್ದರಿಂದ ಕಾವಲಿರುವ ಒಂದು ಸುಂದರವಾದ ಜಾಗದಲ್ಲಿ ಇರು. ಅವಳು ಓಡಿಹೋಗುತ್ತಾಳೆ. ಅಷ್ಟು ದಿನ ಸರ್ಕಾರಕ್ಕಾಗಿ ಓಡಿದ ಕಾಲುಗಳು ಸರ್ಕಾರದಿಂದಲೇ ತಪ್ಪಿಸಿಕೊಂಡು ಓಡುತ್ತವೆ. ಕೊನೆಗೆ ಮರಳಿ ಬರುತ್ತಾಳೆ, ಆದರೆ ತನ್ನ ಷರತ್ತು ಹೇಳಿ. ಜನಪ್ರಿಯ ಧಾರಾವಾಹಿಯೊಂದು ಮುಗಿಯುವಾಗ ತನ್ನ ಬುಡವನ್ನೇ ಹೀಗೆ ಅಲ್ಲಾಡಿಸಿಕೊಂಡದ್ದು ನಾನು ನೋಡಿದ್ದು ಕಡಿಮೆ.

ಈ ಕಂತನ್ನು ನಾನು ಒಬ್ಬನೇ ನೋಡಲಿಲ್ಲ. ನನ್ನ ತಂಗಿ ಜೊತೆಗಿದ್ದಳು. ಅವಳ ಮಾತು ಹೇಳದೆ ಈ ವಿಮರ್ಶೆ ಮುಗಿಯುವುದಿಲ್ಲ. ಎರಡು ವರ್ಷದ ಮಗುವಾಗಿದ್ದಾಗ ಪೋಲಿಯೋ ಬಂದು ಎಡಗಾಲು ಸೋತಿತು. ನನಗೆ ಮದ್ರಾಸಿಗೆ ವರ್ಗವಾದಾಗ ಅಮ್ಮ ಅವಳನ್ನು ಜೊತೆಗೆ ಕಳಿಸಿದಳು. ಕೆ.ಕೆ. ನಗರದ ಸರ್ಕಾರಿ ಪುನರ್ವಸತಿ ಆಸ್ಪತ್ರೆಯಲ್ಲಿ ಕಬ್ಬಿಣದ ಸರಳು, ಚರ್ಮದ ಪಟ್ಟಿಯ ಕ್ಯಾಲಿಪರ್ ಮಾಡಿಸಿಕೊಟ್ಟರು. ಆ ರಾತ್ರಿಗಳಲ್ಲಿ ಕ್ಯಾಸೆಟ್ಟಿನ ಮುಂದೆ ಎಲ್ಲರಿಗಿಂತ ಹತ್ತಿರ ಕೂರುತ್ತಿದ್ದವಳು ಅವಳೇ. ಉಳಿದ ಮಕ್ಕಳೆಲ್ಲ ಮರುದಿನ ಅಂಗಳದಲ್ಲಿ ಟಿಟಿಟಿಟಿ ಅಂತ ನಿಧಾನವಾಗಿ ಓಡುತ್ತಿದ್ದರು. ವಠಾರದ ಹಿರಿಯರೊಬ್ಬರು, ‘ನೋಡಮ್ಮಾ, ನಿನಗೂ ಹಾಗೇ ಕಾಲು ಬರುತ್ತೆ’ ಅಂತ ಕಕ್ಕುಲಾತಿಯಿಂದ ಹೇಳುತ್ತಿದ್ದರು. ಅವಳು ಏನೂ ಅನ್ನುತ್ತಿರಲಿಲ್ಲ.

ಈ ಸಲ ಕೇಳಿದೆ. ‘ಅಣ್ಣಾ, ಅವಳ ಓಟ ನೋಡಿ ನಂಗೇನೂ ಹೊಟ್ಟೆಕಿಚ್ಚಾಗ್ತಿರಲಿಲ್ಲ. ಅವಳ ಕಾಲು ಯಾರಿಗೂ ಗೊತ್ತಾಗ್ತಿರಲಿಲ್ಲವಲ್ಲ, ಅದಕ್ಕೆ ಆಗ್ತಿತ್ತು. ನಾನು ಮೆಟ್ಟಿಲು ಹತ್ತೋದು ಇಡೀ ವಠಾರಕ್ಕೆ ಕೇಳಿಸ್ತಿತ್ತು’ ಅಂದಳು. ಇದು ನನ್ನ ತಲೆಗೆ ಹೊಳೆದಿರಲಿಲ್ಲ. ನಿಜ, ಇಡೀ ಧಾರಾವಾಹಿ ನಿಂತಿರುವುದು ಕೃತಕ ಅಂಗ ಹೊರಗೆ ಕಾಣಬಾರದು ಎಂಬ ನಿಯಮದ ಮೇಲೆ. ಚರ್ಮ ಹರಿದು ತಂತಿ ಕಂಡರೆ ಜೇಮಿ ಕೂಡಲೇ ಮುಚ್ಚಿಕೊಳ್ಳುತ್ತಾಳೆ. ಅಂಗವೈಕಲ್ಯದ ಕಥೆ ಹೇಳುತ್ತೇನೆಂದು ಹೊರಟು, ಅದು ಕಣ್ಣಿಗೆ ಬೀಳದ ಹಾಗೆ ನೋಡಿಕೊಂಡ ಕಥೆ ಇದು. ಅಷ್ಟರ ಮಟ್ಟಿಗೆ ಅದು ನನ್ನ ತಂಗಿಯಂಥವರ ಕಥೆಯಲ್ಲ. ‘ಕಿಲ್ ಆಸ್ಕರ್’ನ ಮೊದಲ ಭಾಗದ ಕೊನೆಯಲ್ಲಿ ಎತ್ತರದ ಕಟ್ಟಡದಿಂದ ಹಾರಿ ಕಾಲು ಮುರಿದುಕೊಂಡು ಬಿದ್ದಿರುತ್ತಾಳಲ್ಲ, ಆ ಕ್ಯಾಸೆಟ್ಟನ್ನು ತಂಗಿ ಮತ್ತೆ ಮತ್ತೆ ತರಿಸುತ್ತಿದ್ದಳು. ಯಾಕೆಂದು ಈಗ ಗೊತ್ತಾಯಿತು: ‘ಅದೊಂದು ಸಲ ಎಲ್ಲರೂ ಅವಳ ಕಾಲು ನೋಡಿದ್ರು.’

ಕೊನೆಯ ಕಂತು ಮುಗಿದಾಗ ಅವಳು ಬಹಳ ಹೊತ್ತು ಮಾತಾಡಲಿಲ್ಲ. ಅದಕ್ಕೆ ಕಾರಣವಿದೆ. ನಮ್ಮ ದೇಶದಲ್ಲಿ ಕೊನೆಯ ಪೋಲಿಯೋ ಪ್ರಕರಣ ಕಂಡದ್ದು 2011ರಲ್ಲಿ. 2014ರಲ್ಲಿ ಪೋಲಿಯೋ ಮುಕ್ತ ಅಂತ ಪ್ರಮಾಣಪತ್ರವೂ ಸಿಕ್ಕಿತು. ಪೋಲಿಯೋ ಬಂದು ಹೋದವರ ಮೈಯಲ್ಲಿ ಅದು ಅಷ್ಟು ಸುಲಭಕ್ಕೆ ಮುಗಿಯುವುದಿಲ್ಲ. ಐವತ್ತು ದಾಟಿದ ಮೇಲೆ, ಅಷ್ಟು ವರ್ಷ ಎರಡರ ಕೆಲಸ ಮಾಡಿದ ಸ್ನಾಯುಗಳು ಹೊಸದಾಗಿ ಸೋಲಲು ಶುರುವಾಗುತ್ತವೆ. ಈಗ ಅವಳ ಬಲಗಾಲೂ ನಂಬಿಕೆಗೆ ಉಳಿದಿಲ್ಲ. ಹಿಂದೆ 1988ರಲ್ಲಿ, ಅವಳಿಗೆ ಇಲ್ಲಿ ಗುಮಾಸ್ತೆ ಕೆಲಸ ಸಿಕ್ಕಾಗ, ಊರಿನಿಂದ ದೊಡ್ಡಪ್ಪ ಬಂದು ‘ಆ ಜನಜಂಗುಳಿಯಲ್ಲಿ ಯಾಕೆ, ಮನೆಯಲ್ಲಿ ಸುಖವಾಗಿ ಇರಲಿ’ ಅಂದಿದ್ದರು. ಅವಳು ಹೋಗಲಿಲ್ಲ. ಬಸ್ಸಿನಲ್ಲಿ ನೂಕಾಡಿಕೊಂಡು ಮೂವತ್ತು ವರ್ಷಕ್ಕೂ ಮೇಲೆ ಕೆಲಸ ಮಾಡಿದಳು, ಮದುವೆಯಾದಳು, ಮಗನನ್ನು ಓದಿಸಿದಳು. ಈಗ ಆ ಮಗ, ತುಂಬಾ ಒಳ್ಳೆಯ ಹುಡುಗ, ಬೆಂಗಳೂರಿನ ಹೊರವಲಯದ ಹಿರಿಯರ ವಸತಿ ಸಂಕೀರ್ಣವೊಂದರ ಬಣ್ಣದ ಪುಸ್ತಕ ಕಳಿಸಿದ್ದಾನೆ. ಕಾವಲುಗಾರರು, ನರ್ಸುಗಳು, ತೋಟ, ಎತ್ತರದ ಗೋಡೆ. ಅವನ ಕಾಳಜಿಯಲ್ಲಿ ಸುಳ್ಳಿಲ್ಲ. ಆಸ್ಕರ್‌ನ ಕಾಳಜಿಯಲ್ಲೂ ಸುಳ್ಳಿರಲಿಲ್ಲ.

‘ಅವಳು ಕೊನೆಗೆ ಯಾಕೆ ವಾಪಸು ಬಂದಳು?’ ಅಂತ ತಂಗಿ ಕೇಳಿದಳು. ಓಡುತ್ತಲೇ ಇರಲು ಯಾರಿಗೂ ಸಾಧ್ಯವಿಲ್ಲವಲ್ಲ ಅಂದೆ. ‘ಅಲ್ಲ, ಮೊದಲು ಓಡಿದ್ದಕ್ಕೇ ಷರತ್ತು ಹಾಕೋಕೆ ಆಯ್ತು’ ಅಂದಳು. ಮರುದಿನ ಮಗನಿಗೆ ಫೋನು ಮಾಡಿ ಏನೇನೋ ಕೇಳುತ್ತಿದ್ದಳು: ಹೊರಗೆ ಹೋಗಲು ಯಾರ ಅಪ್ಪಣೆ ಬೇಕು, ಅಡಿಗೆ ನಾವೇ ಮಾಡಬಹುದಾ, ಇಷ್ಟವಾಗದಿದ್ದರೆ ಠೇವಣಿ ವಾಪಸು ಎಷ್ಟು ದಿನಕ್ಕೆ. ಠೇವಣಿಯ ಪ್ರಶ್ನೆ ನನ್ನದು, ಉಳಿದವು ಅವಳದೇ. ಇನ್ನೂ ಏನೂ ತೀರ್ಮಾನವಾಗಿಲ್ಲ.

ಇದೇ ಕಾಲದ ನಮ್ಮ ಕಡೆಯ ಒಂದು ಕಥೆಯನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಎಂಬತ್ತರ ದಶಕದಲ್ಲಿ ಸುಜಾತಾ ಅವರ ‘ಎನ್ ಇನಿಯ ಇಯಂದಿರಾ’ ಆನಂದ ವಿಕಟನ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು, ಆಮೇಲೆ ದೂರದರ್ಶನದಲ್ಲೂ ಬಂತು. ಅವರು ಬೆಂಗಳೂರಿನ ಬಿಇಎಲ್‌ನಲ್ಲಿ ಎಂಜಿನಿಯರಾಗಿದ್ದ ತಮಿಳರು, ನಾನು ಮದ್ರಾಸಿನ ಬ್ಯಾಂಕಿನಲ್ಲಿದ್ದ ಕನ್ನಡಿಗ. ನನ್ನೂರಿನ ರಾಜಧಾನಿಯಲ್ಲಿ ಕೂತು ಅವರು ಬರೆದದ್ದನ್ನು ಅವರ ರಾಜಧಾನಿಯಲ್ಲಿ ಕೂತು ನಾನು ಅಕ್ಷರ ಕೂಡಿಸಿ ಓದಿದೆ. 2021ರ ಭಾರತ, ಎಲ್ಲವೂ ಒಬ್ಬ ಸರ್ವಾಧಿಕಾರಿಯ ಹಿಡಿತದಲ್ಲಿ. ನಾಯಕಿ ನಿಲಾಗೆ ಯಾವ ಅತಿಮಾನುಷ ಬಲವೂ ಇಲ್ಲ. ಬುದ್ಧಿ ಇರುವುದು ಜೀನೋ ಎಂಬ ಯಂತ್ರದ ನಾಯಿಗೆ. ಸುಜಾತಾ ಅವರ ಅನುಮಾನವೆಲ್ಲ ಸರ್ಕಾರದ ಮೇಲೆ; ಯಂತ್ರದ ಮೇಲೆ ಪ್ರೀತಿ. ಜೇಮಿಯ ಅಮೆರಿಕದಲ್ಲಿ ಕೊನೆಯ ಕಂತಿನವರೆಗೂ ಸರ್ಕಾರದ ಮೇಲೆ ಅಂಥ ಅನುಮಾನ ಮೂಡುವುದಿಲ್ಲ. ಆ ದೃಷ್ಟಿಯಿಂದ ಸುಜಾತಾರದೇ ಗಟ್ಟಿ ಕಥೆ. ಆದರೆ ಹೆಣ್ಣಿನ ಮುಖವನ್ನು ಹತ್ತಿರದಿಂದ ಕಂಡದ್ದು ಜೇಮಿಯ ಕಥೆಯಲ್ಲಿ.

2007ರಲ್ಲಿ ಎನ್‌ಬಿಸಿ ಇದೇ ಧಾರಾವಾಹಿಯನ್ನು ಮಿಷೆಲ್ ರಾಯನ್ ಎಂಬ ನಟಿಯನ್ನಿಟ್ಟು ಹೊಸದಾಗಿ ಮಾಡಿತು. ಎಂಟು ಕಂತಿಗೆ ನಿಂತಿತು. ಲೇಖಕರ ಮುಷ್ಕರವೂ ಒಂದು ಕಾರಣ ಅನ್ನುತ್ತಾರೆ. ಅದರಲ್ಲಿ ಕತ್ತಲೆ ಹೆಚ್ಚು, ಹೊಡೆದಾಟ ಹೆಚ್ಚು; ಕೂದಲು ಸರಿಸಿ, ತಲೆ ಓರೆ ಮಾಡಿ, ನಿಂತು ಕೇಳಿಸಿಕೊಳ್ಳುವ ವ್ಯವಧಾನ ಕಡಿಮೆ.

ನನ್ನ ಲೆಕ್ಕ ಇಷ್ಟು. 58ರಲ್ಲಿ ನಲವತ್ತನ್ನು ನೀವು ನೋಡದಿದ್ದರೆ ನಷ್ಟವಿಲ್ಲ. ಜೇಮಿ ಸಾಯುವ ಮತ್ತು ಬದುಕುವ ಕಂತುಗಳು (ಇವು ಸ್ಟೀವ್‌ನ ಧಾರಾವಾಹಿಯಲ್ಲಿವೆ), ‘ವೆಲ್ಕಮ್ ಹೋಮ್, ಜೇಮಿ’, ‘ಕಿಲ್ ಆಸ್ಕರ್’, ‘ಡೆಡ್ಲಿ ರಿಂಗರ್’ ಮತ್ತು ಕೊನೆಯ ‘ಆನ್ ದಿ ರನ್’, ಇಷ್ಟನ್ನು ಎಲ್ಲಾದರೂ ಸಿಕ್ಕರೆ ನೋಡಿ. ಮಕ್ಕಳ ಜೊತೆ ಕೂತು ನೋಡಿದರೆ ಓಟಕ್ಕೆ ನಗುತ್ತಾರೆ, ನಗಲಿ, ತಡೆಯಬೇಡಿ. ಮನೆಯಲ್ಲಿ ಕೋಲು ಹಿಡಿದೋ ಗೋಡೆ ಹಿಡಿದೋ ನಡೆಯುವವರು ಯಾರಾದರೂ ಇದ್ದರೆ ಅವರನ್ನೂ ಕೂರಿಸಿಕೊಳ್ಳಿ, ಮುಗಿದ ಮೇಲೆ ಅವರು ಏನು ಹೇಳುತ್ತಾರೋ ಅದನ್ನು ಕೇಳಿಸಿಕೊಳ್ಳಿ.